ವೈಕುಂಠದ ಆಡಿಟರ್

ಪ್ರತಿ ಬಡಾವಣೆಗೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕೆಲವು ಕಡೆ ಅವರ ಕೈಯಲ್ಲಿ ಭಗವದ್ಗೀತೆ, ಕೆಲವು ಕಡೆ ಬೈಬಲ್ಲು, ಇನ್ನು ಕೆಲವು ಕಡೆ ಯಾರೋ ಬಾಬಾರ ಚಿತ್ರವಿರುವ ಕ್ಯಾಲೆಂಡರು. ದೇವರೇ ಇಲ್ಲವೆಂದು ಬರಿಗೈಯಲ್ಲಿ ಬಂದು ಬೋಧಿಸುವವರನ್ನೂ ಇದೇ ಪಂಕ್ತಿಯಲ್ಲಿ ಕೂರಿಸಬಹುದು. ಎಲ್ಲರ ಲಕ್ಷಣವೂ ಒಂದೇ: ತಮಗೆ ಸಿಕ್ಕಿದ್ದು ನಮಗೂ ಸಿಗಲೇಬೇಕು, ಅದೂ ಈಗಲೇ, ನಾವು ಗೇಟಿನ ಚಿಲಕ ಹಾಕಿಕೊಳ್ಳುವುದರೊಳಗೆ.

ಮೈಸೂರಿನ ನಮ್ಮ ಬೀದಿಗೆ ಒದಗಿದವರು ರಾಯರು. ಬದುಕೆಲ್ಲ ಆಡಿಟ್ ಆಫೀಸಿನಲ್ಲಿ ಕೂತು ಪರರ ಲೆಕ್ಕಕ್ಕೆ ಆಕ್ಷೇಪಣೆ ಬರೆದವರು. ನಿವೃತ್ತಿಯಾದ ಮೇಲೆ ಭಕ್ತಿ ಬಂತು, ಆದರೆ ಆಡಿಟ್ ಹೋಗಲಿಲ್ಲ. ನಮ್ಮ ಪಾಪಪುಣ್ಯಗಳಿಗೆಲ್ಲ ವೋಚರು ಕೇಳತೊಡಗಿದರು. "ಹಣೇಲಿ ಯಾಕ್ರೀ ಏನೂ ಇಲ್ಲ?" "ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಹಾಗಿದೆಯಲ್ಲ?" ಮೂಗೂ ಆಡಿಟರದ್ದೇ, ನಮ್ಮ ಅಡುಗೆಮನೆಯ ಲೆಕ್ಕ ರಸ್ತೆಯಲ್ಲೇ ಸಿಕ್ಕಿಬಿಡುತ್ತದೆ. ಹೊಸದಾಗಿ ಮದುವೆಯಾದ ಎದುರುಮನೆ ಹುಡುಗನಿಗೆ ಮೊದಲ ಭೇಟಿಯಲ್ಲೇ ವೈರಾಗ್ಯದ ಮಹತ್ವ ತಿಳಿಸಿದರು. ತನ್ನಷ್ಟಕ್ಕೆ ಸೊಪ್ಪು ಮಾರುವ ಹೆಂಗಸಿಗೆ ನುಗ್ಗೆಕಾಯಿ ಯಾವ ಮಾಸದಲ್ಲಿ ವರ್ಜ್ಯ ಎಂದು ಪಾಠ ಹೇಳಿದರು. ಅವಳು ಈಗ ಅವರ ಮನೆ ಬಂದಾಗ ಕೂಗುವುದನ್ನೇ ನಿಲ್ಲಿಸಿ ದಾಟಿಕೊಳ್ಳುತ್ತಾಳೆ.

ಹಾಗೆಂದು ಬೈದುಬಿಡುವಂತಿಲ್ಲ. ಬೀದಿಯ ಮುದುಕರ ಪಿಂಚಣಿ ಕಾಗದಗಳನ್ನೆಲ್ಲ ಬರೆದುಕೊಡುವವರು ಅವರೇ. ಜೀವಂತ ಪ್ರಮಾಣಪತ್ರದ ಕಾಲ ಬಂತೆಂದರೆ ಅವರ ಜಗುಲಿ ತುಂಬಿರುತ್ತದೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಒಂದು ಗಂಟೆ ಗರುಡಪುರಾಣ ಕೇಳಬೇಕು. ಬದುಕಿದ್ದೇವೆಂದು ಸಹಿ ಹಾಕಲು ಹೋದವರು ಸತ್ತ ಮೇಲಿನ ವಿವರಗಳನ್ನೆಲ್ಲ ತಿಳಿದು ಬರುತ್ತಾರೆ.

ಒಮ್ಮೆ ಬೆಂಗಳೂರಿಗೆ ಹೊರಟ ರೈಲಿನಲ್ಲಿ ಅವರು ನನ್ನ ಪಕ್ಕಕ್ಕೇ ಬಂದು ಕೂತರು. ಅವತ್ತು ಏಕಾದಶಿ. ಪಾಂಡವಪುರ ಬರುವ ಹೊತ್ತಿಗೆ ಕಂಪಾರ್ಟ್‌ಮೆಂಟಿಗೆಲ್ಲ ಆ ಸುದ್ದಿ ಗೊತ್ತಾಗಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಕಾಲೇಜು ಹುಡುಗನ ಭುಜ ತಟ್ಟಿ, ಇಯರ್‌ಫೋನ್ ತೆಗೆಸಿ, ವ್ರತಮಹಿಮೆ ಹೇಳಿದರು. ಅವನು ಮಂಡ್ಯದಲ್ಲಿ ಇಳಿದವನು ಆಮೇಲೆ ಹಿಂದಿನ ಬೋಗಿಯಲ್ಲಿ ಕಂಡ. ಆ ಸೀಟಿಗೆ ಒಬ್ಬ ರೈತ ಬಂದು ಕೂತ.

"ಇವತ್ತು ಅನ್ನ ತಿಂದರೆ ಪಾಪ, ಗೊತ್ತೇನಯ್ಯ?"

"ಅನ್ನ ಎಲ್ಲಿ ಸ್ವಾಮಿ, ನಾವು ಉಣ್ಣೋದು ಮುದ್ದೆ."

"ರಾಗಿಯೂ ಧಾನ್ಯವೇ. ಅದೂ ಆಗದು."

"ಒಳ್ಳೇದೇ ಆಯ್ತು ಬುಡಿ. ಕಬ್ಬಿನ ದುಡ್ಡು ಕೊಡ್ದೆ ಫ್ಯಾಕ್ಟ್ರಿಯೋರೇ ನಮ್ಗೆ ಏಕಾದಶಿ ಮಾಡಿಸ್ತಾವ್ರೆ. ಪುಣ್ಯ ಬರೋದು ಅವ್ರಿಗೋ ನಮ್ಗೋ?"

ಈ ಆಕ್ಷೇಪಣೆಗೆ ರಾಯರ ಬಳಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಮದ್ದೂರು ವಡೆ ಬಂತು. "ಏಕಾದಶಿ ದಿನ ಈರುಳ್ಳಿ ವಡೆ ಮಾರ್ತೀಯಲ್ಲೋ!" ಎಂದು ಗದರಿದರು. "ನಾನು ತಿನ್ನಲ್ಲ ಸಾ, ಮಾರೋದಷ್ಟೆ" ಎಂದು ಅವನು ಮುಂದೆ ಹೋದ. ಅದಕ್ಕೂ ಮೊದಲೇ ಒಂದು ವಡೆ ನನ್ನ ಪೇಪರಿನ ಮರೆಗೆ ಬಂದು ಸೇರಿತ್ತು. ಮದ್ದೂರು ವಡೆಯನ್ನು ಸದ್ದಿಲ್ಲದೆ ಅಗಿಯುವುದು ಯಾವ ತಪಸ್ಸಿಗೂ ಕಡಿಮೆಯಲ್ಲ. ಸಂಪಾದಕೀಯವನ್ನು ಅಷ್ಟು ಹೊತ್ತು ನಾನೆಂದೂ ಓದಿಲ್ಲ.

ಎದುರಿಗೆ ಕಿಟಕಿಯ ಪಕ್ಕ ಚನ್ನಪಟ್ಟಣಕ್ಕೆ ಹೊರಟಿದ್ದ ಮುಸ್ಲಿಂ ಹಿರಿಯರೊಬ್ಬರು ಸುಮ್ಮನೆ ಕೂತಿದ್ದರು. ರಾಯರು ಅವರಿಗೂ ಉಪವಾಸದ ಪ್ರಯೋಜನಗಳನ್ನೆಲ್ಲ ವಿವರಿಸಿದರು. ಅವರು ಆಸಕ್ತಿಯಿಂದಲೇ ತಲೆಯಾಡಿಸಿದರು. ಮಾತಾಡಿ ಗಂಟಲು ಒಣಗಿದ ರಾಯರು ಬ್ಯಾಗಿನಿಂದ ಫ್ಲಾಸ್ಕು ತೆಗೆದರು. ಅವರ ಏಕಾದಶಿಯಲ್ಲಿ ಸಬ್ಬಕ್ಕಿ, ಬಾಳೆಹಣ್ಣು, ಕಾಫಿಗೆ ಅವಕಾಶವುಂಟು. ಸಜ್ಜನಿಕೆಗೆ ಕೊರತೆಯಿಲ್ಲದವರು, ಮೊದಲ ಲೋಟವನ್ನು ಹಿರಿಯರತ್ತ ಚಾಚಿದರು.

"ನೀವು ಕುಡೀರಿ ಸ್ವಾಮಿ. ನಂದು ರೋಜಾ" ಎಂದರು ಅವರು.

ರಂಜಾನಿನ ತಿಂಗಳು. ಬೆಳಕು ಹರಿಯುವ ಮುಂಚಿನಿಂದ ಸಂಜೆಯವರೆಗೆ ಒಂದು ಗುಟುಕು ನೀರೂ ಇಲ್ಲ. ಮಂಡ್ಯದಿಂದಲೂ ಉಪವಾಸದ ಉಪನ್ಯಾಸ ಕೇಳುತ್ತ ಕೂತ ಮನುಷ್ಯ ಅದನ್ನು ಬಾಯಿಬಿಟ್ಟದ್ದು ಕಾಫಿ ಬೇಡ ಎನ್ನಲು ಮಾತ್ರ. ರಾಯರು ಲೋಟದ ಕಾಫಿಯನ್ನು ಫ್ಲಾಸ್ಕಿಗೇ ಸುರಿದು ಮುಚ್ಚಳ ತಿರುಗಿಸಿದರು. ಕೆಂಗೇರಿಯವರೆಗೂ ಮಾತಿಲ್ಲ. ನಾನೂ ಪೇಪರು ಮಡಿಸಿಟ್ಟೆ.

ಈ ರೋಗ ಹೊಸದಲ್ಲ. ಅಶೋಕ 2,200 ವರ್ಷಗಳ ಹಿಂದೆಯೇ ಪತ್ತೆಹಚ್ಚಿದ್ದ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಯ ಗುಡಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅವನ ಶಾಸನಗಳು ಕಂಡವು. ಅವುಗಳಲ್ಲಿ ಹನ್ನೆರಡನೆಯ ಬಂಡೆ ಶಾಸನವೂ ಒಂದು. ತನ್ನ ಮತವನ್ನು ಹೊಗಳುವಾಗಲೂ ಇತರರದನ್ನು ತೆಗಳುವಾಗಲೂ ನಾಲಿಗೆಗೆ ಹಿಡಿತವಿರಲಿ, ಇತರರ ಧರ್ಮವನ್ನೂ ಕೇಳಿಸಿಕೊಳ್ಳಿ ಎಂಬುದು ಅದರ ತಾತ್ಪರ್ಯ. ನಾನು ಉತ್ಸಾಹದಿಂದ ರಾಯರಿಗೆ ಹೇಳಿದೆ. "ಅಶೋಕ ಬೌದ್ಧ ಅಲ್ವೇ?" ಎಂದು ಕೇಳಿ ಆ ಕಡತವನ್ನು ಅಲ್ಲಿಗೇ ಮುಚ್ಚಿದರು.

ಪಾದ್ರಿ ಫರ್ಡಿನಂಡ್ ಕಿಟ್ಟೆಲ್ ಇನ್ನೊಂದು ದಾರಿ ಹಿಡಿದಿದ್ದರು. ಕ್ರಿಸ್ತನ ಕಥೆ ಹೇಳಲು ಜರ್ಮನಿಯಿಂದ ಬಂದವರು, ನಮ್ಮವರು ತಲೆದೂಗುವುದು ಷಟ್ಪದಿಗೆ ಎಂದು ಕಂಡುಕೊಂಡು, ಅದನ್ನೂ ಕಲಿತು 1862ರಲ್ಲಿ 'ಕಥಾಮಾಲೆ' ಬರೆದರು. ಕನ್ನಡಿಗರನ್ನು ಕ್ರಿಸ್ತನ ಕಡೆ ಕರೆಯಬಂದವರು ತಾವೇ ಕನ್ನಡದ ಕಡೆ ಬಂದುಬಿಟ್ಟರು. 1894ರಲ್ಲಿ ಅಚ್ಚಾದ ಅವರ ನಿಘಂಟಿಗೆ ಎಲ್ಲ ಮತದವರೂ ಭಕ್ತರೇ.

ರಾಯರಿಗೆ ಈ ವಿದ್ಯೆ ಬಾರದೆಂದಲ್ಲ. ಮೂಲೆಮನೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರೊಬ್ಬರಿದ್ದಾರೆ. ವಿಚಾರವಾದಿ ಎಚ್. ನರಸಿಂಹಯ್ಯನವರ ಕಟ್ಟಾ ಅಭಿಮಾನಿ, ಅಷ್ಟೇ ಕಟ್ಟಾ ನಾಸ್ತಿಕ. ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಓದುವಂತಿರಲಿಲ್ಲ. ರಾಯರು ದಿನಾ ಸಂಜೆ ಹೋಗಿ ಅವರಿಗೆ ಪೇಪರು ಓದಿ ಹೇಳಿದರು: ರಾಜಕೀಯ, ಕ್ರಿಕೆಟ್ಟು, ಪೇಟೆ ಧಾರಣೆ, ಎಲ್ಲ. ದೇವರ ಸುದ್ದಿ ಎತ್ತಲಿಲ್ಲ. ದಿನಭವಿಷ್ಯದ ಅಂಕಣ ಬಂದರೆ ತಾವಾಗಿಯೇ ಹಾರಿಸಿಬಿಡುತ್ತಿದ್ದರಂತೆ. ಮೇಷ್ಟ್ರು ಹೆಂಡತಿಯ ಬಳಿ, "ದೇವರಿಲ್ಲ ಅನ್ನೋದರಲ್ಲಿ ನನಗೆ ಮೊದಲನೇ ಸಲ ಒಂಚೂರು ಅನುಮಾನ ಬರ್ತಿದೆ ಕಣೇ" ಎಂದರು. ಆಕೆ ಸಂತೋಷ ತಡೆಯಲಾರದೆ ಅದನ್ನು ರಾಯರ ಕಿವಿಗೆ ಹಾಕಿದರು. ಮರುದಿನ ಬೆಳಗ್ಗೆ ಏಳಕ್ಕೇ ರಾಯರು ಭಾಗವತದ ಸಂಪುಟಗಳನ್ನು ಹೊತ್ತು ಬಂದು, "ನಿಮ್ಮ ಗೋತ್ರ ಯಾವುದು?" ಎಂದರು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಅನುಮಾನ ಪೂರ್ತಿ ಪರಿಹಾರವಾಗಿತ್ತು.

ರಾಯರನ್ನು ಆಡಿಕೊಳ್ಳುವ ನಾನು ಪರಮ ಸಹಿಷ್ಣುವೇನಲ್ಲ. ಕಾಫಿಪುಡಿಗೆ ಚಿಕೋರಿ ಬೆರೆಸುವವರ ಮನೆಗೆ ಹೋದರೆ ನನ್ನ ಗರುಡಪುರಾಣ ಶುರುವಾಗುತ್ತದೆ. ಆ ಕಾಫಿಯನ್ನೇ ಕುಡಿಯುತ್ತ ಬೈಯುತ್ತೇನೆ. ಅದಕ್ಕೇ ಈ ಅರಿಕೆ ನನ್ನನ್ನೂ ಸೇರಿಸಿಕೊಂಡು: ನಿಮ್ಮ ನಂಬಿಕೆ ಹಂಚಲು ಹೊರಟಾಗ ಎದುರಿನವರು ಉಂಡಿದ್ದಾರಾ, ನಿದ್ದೆ ಮಾಡಿದ್ದಾರಾ, ಕಣ್ಣು ನೆಟ್ಟಗಿದೆಯಾ ಎಂದು ಮೊದಲು ವಿಚಾರಿಸಿ. ದೇವರಿಗೇನೂ ಅವಸರವಿಲ್ಲ. ಇದ್ದರೆ ಕಾಯುತ್ತಾನೆ, ಇಲ್ಲದಿದ್ದರೆ ನಿಮ್ಮ ಗಂಟಲಾದರೂ ಉಳಿಯುತ್ತದೆ.