ಮೊಳದುದ್ದದ ಇಂಗ್ಲಿಷು ಮತ್ತು ದೇವಣಿ ಎತ್ತು: ಬೀದರ್-ಭಾಲ್ಕಿ-ಔರಾದ್ ಸೀಮೆಯ ಒಂದು ಶಬ್ದಶೋಧ

ಶಾಸ್ತ್ರ ಎಂದ ಮೇಲೆ ಮೊದಲು ಲಕ್ಷಣ ಹೇಳಬೇಕು. ಉದ್ದುದ್ದ ಶಬ್ದಗಳ ಚಟವಿದ್ದವನಿಗೆ ಇಂಗ್ಲಿಷಿನಲ್ಲಿ ‘ಸೆಸ್ಕ್ವಿಪಿಡೇಲಿಯನ್’ ಎನ್ನುತ್ತಾರೆ. ಲ್ಯಾಟಿನ್ ಮೂಲದಲ್ಲಿ ಇದರರ್ಥ ಒಂದೂವರೆ ಅಡಿ ಉದ್ದದ್ದು ಎಂದು. ಈ ಅಳತೆಯನ್ನು ಶಬ್ದಗಳಿಗೆ ಹಚ್ಚಿದವನು ರೋಮಿನ ಕವಿ ಹೊರೇಸ್. ಒಂದೂವರೆ ಅಡಿಗೆ 18 ಇಂಚು, 18 ಇಂಚಿಗೆ ಒಂದು ಮೊಳ. ಅಂದರೆ ಬೀದರಿನ ಹೂವು ಮಾರುವಾಕೆ ಲ್ಯಾಟಿನ್ನಿನ ಗಂಧವಿಲ್ಲದೆ ದಿನಾ ಸಂಜೆ ಅಳೆಯುವುದು ಇದನ್ನೇ. ಆಕೆಯ ಮೊಳ ವರ್ಷವರ್ಷಕ್ಕೆ ಗಿಡ್ಡಾಗುತ್ತಿದೆ ಎಂಬ ಗಿರಾಕಿಗಳ ತಕರಾರು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಪ್ರಯೋಗಕ್ಕೆ ಸಿಕ್ಕಿದವನು ಔರಾದ್ ಕಡೆಯ ನನ್ನ ಅಣ್ಣನ ಮಗ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ. ತೆಲಂಗಾಣದ ಅಜ್ಜಿ ಬಂದರೆ ತೆಲುಗು. ಇಷ್ಟಿದ್ದೂ ತನಗೆ ‘ಲ್ಯಾಂಗ್ವೇಜ್ ಪ್ರಾಬ್ಲಮ್’ ಇದೆ ಎಂದು ಅವನು ದೃಢವಾಗಿ ನಂಬಿದ್ದ. ಬೀದರಿಗೆ ಬಂದು ನಾರ್ಮನ್ ಲೂಯಿಸನ ‘ವರ್ಡ್ ಪವರ್ ಮೇಡ್ ಈಸಿ’ ಕೊಂಡ. 1949ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪುಸ್ತಕ ಔರಾದಿನ ಬಸ್ಸಿನಲ್ಲಿ ಶೇಂಗಾ ಪೊಟ್ಟಣದ ಪಕ್ಕ ಕೂತು ಬಂತು. ಮನುಷ್ಯರನ್ನು ಕಂಡರಾಗದವನಿಗೆ ‘ಮಿಸಾಂತ್ರೋಪ್’ ಎನ್ನಬೇಕೆಂದು ಅದರಲ್ಲಿದೆ. ಹುಡುಗ ಅಂದೇ ರಾತ್ರಿ ಅದನ್ನು ನನ್ನ ಮೇಲೆ ಪ್ರಯೋಗಿಸಿದ.

“ಕಾಕಾ, ನೀವು ಮಿಸಾಂತ್ರೋಪ್ ಇದ್ದೀರಿ.”

“ಇದ್ದೆ ತಮ್ಮಾ, ಎರಡ್ ವರ್ಷ. ಆಮ್ಯಾಲೆ ಇಲೆಕ್ಷನ್ದಾಗ ಬಿದ್ದೆ.”

ಶಬ್ದ ಹೋಗಿ ಮುಟ್ಟಿತು, ಅರ್ಥ ದಾರಿಯಲ್ಲೇ ಇಳಿದುಕೊಂಡಿತು. ಇಂಗ್ಲಿಷ್ ಶಬ್ದ ಕಲಿಯುವುದರಲ್ಲಿ ಚೀನಾದವರ ಗೋಳು ಇನ್ನೊಂದು ತರಹ. ಅಲ್ಲಿಯ ಪರೀಕ್ಷಾರ್ಥಿಗಳ ಶಬ್ದಪಟ್ಟಿ ಅಕ್ಷರಾನುಕ್ರಮದಲ್ಲಿ ‘ಅಬ್ಯಾಂಡನ್’ನಿಂದ ಶುರುವಾಗುತ್ತದೆಯಂತೆ. ಬಿಟ್ಟುಬಿಡು ಎಂದು ಅದರರ್ಥ, ಅನೇಕರು ಹಾಗೇ ಮಾಡುತ್ತಾರೆ ಎಂಬುದು ಅವರದೇ ನಗೆಮಾತು. ಲಿ ಯಾಂಗ್ ಎಂಬಾತ ‘ಕ್ರೇಜಿ ಇಂಗ್ಲಿಷ್’ ಹೆಸರಿನಲ್ಲಿ ಸಾವಿರಾರು ಜನರನ್ನು ಮೈದಾನದಲ್ಲಿ ನಿಲ್ಲಿಸಿ, ಗಂಟಲು ಹರಿಯುವಂತೆ ಕೂಗಿಸಿ ಇಂಗ್ಲಿಷ್ ಕಲಿಸಿದ. ನಮ್ಮಲ್ಲಿ ಆ ವಿಧಾನ ನಡೆಯದು. ಹೊಲದ ಈ ಬದುವಿನಿಂದ ಆ ಬದುವಿಗೆ ಮಾತಾಡುವ ಜನಕ್ಕೆ ಕೂಗುವುದನ್ನು ಫೀಜು ತೆಗೆದುಕೊಂಡು ಯಾರು ಕಲಿಸುತ್ತಾರೆ?

ಈಗ ಇತಿಹಾಸ. ಘನಶಬ್ದದ ಕೋಚಿಂಗು ಬೀದರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಇರಾನಿನ ಗೀಲಾನಿನಿಂದ ಬಂದು ಬಹಮನಿಗಳ ವಜೀರನಾದ ಮಹಮೂದ್ ಗಾವಾನ್ 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ಆತ ಪಾರಸಿಯಲ್ಲಿ ಪತ್ರ ಬರೆಯುವ ಕಲೆಯ ಮೇಲೆ ‘ಮನಾಜಿರ್ ಉಲ್ ಇನ್ಶಾ’ ಎಂಬ ಶಾಸ್ತ್ರಗ್ರಂಥವನ್ನೇ ಬರೆದ ಎಂಬುದು ಕಡಿಮೆ ಜನಕ್ಕೆ ಗೊತ್ತು. ಒಂದು ಸಲಾಮು ಹೇಳಲು ಅರ್ಧ ಪುಟ ಉಪಮೆ ಬೇಕಾಗುವ ಶೈಲಿ ಅದು. ಇಂಥವನು ಸತ್ತದ್ದೂ ಪತ್ರದಿಂದಲೇ. ವೈರಿಗಳು ಅವನ ಮೊಹರು ಬಿದ್ದ ಖಾಲಿ ಕಾಗದ ಸಂಪಾದಿಸಿ, ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಸುಳ್ಳು ಪತ್ರ ಗೀಚಿದರು. ಕುಡಿದ ಅಮಲಿನಲ್ಲಿದ್ದ ಮೂರನೆಯ ಮಹಮ್ಮದ್ ಶಾಹ 1481ರಲ್ಲಿ ತಲೆ ತೆಗೆಸಿದ. ಸುಲ್ತಾನ ಮೊಹರು ನೋಡಿದ, ವಾಕ್ಯ ನೋಡಲಿಲ್ಲ. ನೋಡಿದ್ದರೆ, ಉಪಮೆಯಿಲ್ಲದ ಈ ಒಣ ಪತ್ರ ನಮ್ಮ ಗಾವಾನನದಲ್ಲ ಎಂದು ಮೊದಲ ಸಾಲಿಗೇ ಗೊತ್ತಾಗುತ್ತಿತ್ತು. ಶಬ್ದಸಂಪತ್ತಿನ ಅಭಾವ ಕೇಳುಗನಲ್ಲಿದ್ದರೂ ಪ್ರಾಣ ಹೋಗುವುದು ಹೇಳುಗನದು ಎಂಬುದನ್ನು ಇಲ್ಲಿ ‘ಗಾವಾನ ನ್ಯಾಯ’ ಎಂದು ಕರೆದಿದ್ದೇನೆ. ನನ್ನ ಹೆಸರೇ ಇಡಬಹುದಿತ್ತು, ಸಂಕೋಚ ಅಡ್ಡ ಬಂತು.

ಎರಡನೆಯ ನ್ಯಾಯ ಭಾಲ್ಕಿಯದು. ನಿಜಾಮರ ಕಾಲಕ್ಕೆ ಉರ್ದುವೇ ಆಳುತ್ತಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಅದು ಎದೆಗಾರಿಕೆ. ಈಗ ಊರೂರಲ್ಲೂ ಹೊರಗೆ ‘ಅಡ್ವಾನ್ಸ್ಡ್ ಇಂಗ್ಲಿಷ್’ ಬೋರ್ಡಿದೆ, ಒಳಗೆ ಸರ್ ಕನ್ನಡದಲ್ಲೇ ಹೇಳುತ್ತಾರೆ, “ಫಿಲಾಂತ್ರೋಪಿಸ್ಟ್ ಅಂದ್ರ ದಾನ ಮಾಡಾಂವ, ಬರ್ಕೊಳ್ರಿ.” ಇದಕ್ಕೆ ಎದೆಗಾರಿಕೆ ಬೇಕಿಲ್ಲ, ಬೇರೆ ದಾರಿಯೇ ಇಲ್ಲ. ಅದೇ ಬೋರ್ಡು, ಅದೇ ಕನ್ನಡ. ಬಣ್ಣ ಬಳಿದದ್ದಷ್ಟೇ ಹೊಸದು.

ಆಮದು-ರಫ್ತಿನ ಲೆಕ್ಕ ಬೇಡುವವರಿಗೆ ಒಂದು ಮಾತು. ಬೀದರ್ ಇಂಗ್ಲಿಷಿಗೆ ‘ಬಿದ್ರಿ’ ಎಂಬ ಶಬ್ದ ಕೊಟ್ಟಿದೆ; 1886ರ ‘ಹಾಬ್ಸನ್-ಜಾಬ್ಸನ್’ ಕೋಶ ಅದನ್ನು ದಾಖಲಿಸಿದೆ. ಆ ಕೋಶದ ಹೆಸರೇ ಮೊಹರಮ್ಮಿನಲ್ಲಿ ಕೂಗುವ ‘ಯಾ ಹಸನ್, ಯಾ ಹುಸೇನ್’ ಗೋರಾ ಸಿಪಾಯಿಗಳ ಕಿವಿಯಲ್ಲಿ ಮುದ್ದೆಯಾದದ್ದು. ಅವರು ತಪ್ಪು ಕೇಳಿದ್ದು ಕೋಶದ ಹೆಸರಾಯಿತು; ಮಿಸಾಂತ್ರೋಪನ್ನು ಪಂಚಾಯತಿ ಮೆಂಬರ್ ಮಾಡಿದ ನಾನು ಮಾತ್ರ ಹಳ್ಳಿಗ.

ಕೊನೆಯ ಪ್ರಯೋಗ ‘ಫರಾಗೊ’. 2017ರಲ್ಲಿ ಶಶಿ ತರೂರ್ ಒಂದು ಟ್ವೀಟಿನಲ್ಲಿ ಅದನ್ನು ಒಗೆದಾಗ ದೇಶವೆಲ್ಲ ನಿಘಂಟು ತಿರುವಿತು. ಹುಡುಗನೂ ತಿರುವಿದ, ಗೊಂದಲದ ಕಲಸುಮೇಲೋಗರ ಎಂದು ಬರೆದುಕೊಂಡ. ನಾನು ಬೇರು ಹುಡುಕಿದೆ: ಲ್ಯಾಟಿನ್ನಿನಲ್ಲಿ ಅದು ದನಕ್ಕೆ ಹಾಕುವ ಕಲಬೆರಕೆ ಮೇವು. ಇದಕ್ಕೆ ವಿದ್ವಾಂಸರು ಊರಲ್ಲೇ ಇದ್ದರು. ಭಾಲ್ಕಿ ಹತ್ತಿರದ ನಮ್ಮ ಮಾಮಾನ ಕೊಟ್ಟಿಗೆಯಲ್ಲಿ ಒಂದು ಜೋಡಿ ದೇವಣಿ ಎತ್ತು. ಹೋಗಿ ಲ್ಯಾಟಿನ್ ವ್ಯುತ್ಪತ್ತಿಯನ್ನೆಲ್ಲ ವಿಸ್ತಾರವಾಗಿ ಹೇಳಿದೆ. ಮಾಮಾ ಗ್ವಾದಲಿಯಲ್ಲಿ ಕೈಯಾಡಿಸುತ್ತ ಪೂರ್ತಿ ಕೇಳಿದರು.

“ಖರೇ ಅದ. ಕಣಿಕಿ ಎಷ್ಟು, ತೊಗರಿ ಹೊಟ್ಟು ಎಷ್ಟು ಅಂತ ಬರ್ದಾರೇನ್?”

ಕೋಶದಲ್ಲಿ ಪ್ರಮಾಣ ಕೊಟ್ಟಿರಲಿಲ್ಲ.

“ಹಂಗಾರ ಅದನ್ನ ತಿಂದ್ ನೋಡ್ದವ್ರು ಬರ್ದಿಲ್ಲ,” ಎಂದು ಇನ್ನೊಂದು ಹಿಡಿ ಹೊಟ್ಟು ಬೆರೆಸಿದರು.