ಊರು ಕೆಡವುವವರ ಗಮನಕ್ಕೆ

ಅಭಿನಂದನೆಗಳು. ನೀವೀಗ 'ರಾಂಪೇಜ್' ಆಟದ ಕ್ಯಾಸೆಟ್ಟಿನ ಒಡೆಯರು. 1986ರಲ್ಲಿ ಅಮೆರಿಕದ ಬ್ಯಾಲಿ ಮಿಡ್‌ವೇ ಕಂಪನಿಗಾಗಿ ಬ್ರಯಾನ್ ಕಾಲಿನ್ ಮತ್ತು ಜೆಫ್ ನೌಮನ್ ಕಟ್ಟಿದ ಈ ಆಟ ಮೊದಲು ಇದ್ದದ್ದು ಆಳೆತ್ತರದ ಆರ್ಕೇಡ್ ಯಂತ್ರದಲ್ಲಿ. ಅದರ ಮುಂದೆ ಮೂವರು ನಿಂತು, ಮೂರು ಜಾಯ್‌ಸ್ಟಿಕ್ ಹಿಡಿದು, ಜೇಬಿನ ಚಿಲ್ಲರೆ ಖಾಲಿಯಾಗುವವರೆಗೆ ಊರು ಕೆಡವುತ್ತಿದ್ದರು. ಅದನ್ನೇ ಆಕ್ಟಿವಿಷನ್‌ನವರು ಮನೆ ಕಂಪ್ಯೂಟರುಗಳಿಗೆ ಇಳಿಸಿದ್ದಾರೆ. ಈ ಕೈಪಿಡಿ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಂ ಉಳ್ಳವರಿಗೆ. ನಿಮ್ಮ ಯಂತ್ರದ ಮೆಮೊರಿ 48 ಕಿಲೋಬೈಟ್. ಇವತ್ತು ವಾಟ್ಸ್ಯಾಪಿನಲ್ಲಿ ಬರುವ ಮದುವೆ ಫೋಟೊದಲ್ಲಿ ವಧುವಿನ ಮೂಗುತಿಗೂ ಅಷ್ಟು ಜಾಗ ಸಾಲದು. ಅಷ್ಟರಲ್ಲೇ ದೈತ್ಯ ಗಾತ್ರದ ಒಂದು ಗೊರಿಲ್ಲ, ಒಂದು ಹಲ್ಲಿ, ಒಂದು ತೋಳ ಮತ್ತು ಒಂದು ಪಟ್ಟಣ ವಾಸಿಸಬೇಕು.

ಆಟಕ್ಕೆ ಮುಂಚಿನ ಆಟ

ಟೇಪ್ ರೆಕಾರ್ಡರನ್ನು ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ. ರಬ್ಬರ್ ಕೀಲಿಗಳ ನಡುವೆ 'ಜೆ' ಒತ್ತಿ. ಪರದೆಯ ಮೇಲೆ 'ಲೋಡ್' ಎಂಬ ಇಡೀ ಪದವೇ ಬರುತ್ತದೆ. ಗಾಬರಿ ಬೇಡ, ಈ ಯಂತ್ರ ಅಕ್ಷರಕ್ಕಿಂತ ಆಜ್ಞೆಯನ್ನು ಹೆಚ್ಚು ಗೌರವಿಸುತ್ತದೆ. ಸಿಂಬಲ್ ಶಿಫ್ಟ್ ಹಿಡಿದುಕೊಂಡು 'ಪಿ'ಯನ್ನು ಎರಡು ಸಲ ಒತ್ತಿ, ಎಂಟರ್ ಒತ್ತಿ, ಟೇಪ್ ಓಡಿಸಿ. ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು, ಆಮೇಲೆ ಹಳದಿ ಮತ್ತು ಕಡುನೀಲಿ ಪಟ್ಟೆಗಳು ಕುಣಿಯುತ್ತವೆ. ಜೊತೆಗೆ ಕಿವಿ ಕೊರೆಯುವ ಕಿರ್ರೆಂಬ ಸದ್ದು. ಆ ಸದ್ದೇ ಆಟ. ಸೆಕೆಂಡಿಗೆ ಸುಮಾರು 1,500 ಬಿಟ್‌ನಂತೆ ದೈತ್ಯರು ಒಬ್ಬೊಬ್ಬರಾಗಿ ವೈರಿನಲ್ಲಿ ತೆವಳಿ ಬರುತ್ತಿದ್ದಾರೆ. ಮೆಮೊರಿ ತುಂಬಲು ನಾಲ್ಕೈದು ನಿಮಿಷ ಹಿಡಿಯುತ್ತದೆ. ಈ ಹೊತ್ತಿನಲ್ಲಿ ಮೇಜು ಅಲುಗಾಡಿಸುವ ತಮ್ಮಂದಿರನ್ನು ಕೋಣೆಯಿಂದ ಹೊರಗಿಡಿ.

ಕೊನೇ ಗಳಿಗೆಯಲ್ಲಿ 'ಆರ್ ಟೇಪ್ ಲೋಡಿಂಗ್ ಎರರ್' ಎಂದು ಬಂದರೆ ವಾಲ್ಯೂಮ್ ಒಂದು ಗೆರೆ ಏರಿಸಿ. ಆಗಲಿಲ್ಲವೇ, ಒಂದು ಗೆರೆ ಇಳಿಸಿ. ಅದಕ್ಕೂ ಬಗ್ಗದಿದ್ದರೆ ಸಣ್ಣ ಸ್ಕ್ರೂಡ್ರೈವರ್ ತಂದು ಟೇಪ್ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ. ಹೆಡ್ಡು ಟೇಪಿಗೆ ನೆಟ್ಟಗೆ ನಿಂತಾಗ ಕೀರಲು ಚುರುಕಾಗಿ ಕೇಳುತ್ತದೆ. ಇನ್ನು ಆ ರೆಕಾರ್ಡರಿನಲ್ಲಿ ಅಪ್ಪನ ಹಾಡಿನ ಕ್ಯಾಸೆಟ್ಟುಗಳು ಮಂಕಾಗಿ ಕೇಳಿದರೆ ನಾವು ಜವಾಬ್ದಾರರಲ್ಲ.

ಉದ್ಯೋಗಿಗಳ ಆಯ್ಕೆ

ಜಾರ್ಜ್ ಪ್ರಯೋಗಾಲಯದ ವಿಟಮಿನ್ ನುಂಗಿ ಗೊರಿಲ್ಲನಾದವನು. ಲಿಜ್ಜಿ ವಿಕಿರಣ ಸೇರಿದ ಕೆರೆಯಿಂದ ಹಲ್ಲಿಯಾಗಿ ಎದ್ದವಳು. ರಾಲ್ಫ್‌ನನ್ನು ತೋಳ ಮಾಡಿದ್ದು ಆಹಾರಕ್ಕೆ ಬೆರೆಸುವ ಯಾವುದೋ ಪದಾರ್ಥ. ಮೂವರ ಯೋಗ್ಯತೆಯೂ ಹೆಚ್ಚುಕಡಿಮೆ ಒಂದೇ, ಆದರೂ ಲಿಜ್ಜಿಗಾಗಿ ಜಗಳವಾಗುತ್ತದೆ. ಕಂಪ್ಯೂಟರ್ ಕೊಂಡವರ ಮಾತೇ ಅಂತಿಮ.

ಕೆಲಸ ಇಷ್ಟೇ: ಗೋಡೆ ಹತ್ತಿ, ಗುದ್ದಿ, ಕಟ್ಟಡ ಬಿರುಕುಬಿಟ್ಟು ಕುಸಿಯುವ ಮುನ್ನ ಹಾರಿಕೊಳ್ಳಿ. ಸಿಪಾಯಿ, ಹೆಲಿಕಾಪ್ಟರ್, ಟ್ಯಾಂಕುಗಳು ಅಡ್ಡಿಪಡಿಸಿದರೆ ಅವಕ್ಕೂ ಒಂದು ಗುದ್ದು. ಸ್ಪೆಕ್ಟ್ರಂನಲ್ಲಿ ಎಂಟಕ್ಕೆಂಟು ಚುಕ್ಕೆಯ ಒಂದೊಂದು ಚೌಕಕ್ಕೆ ಎರಡೇ ಬಣ್ಣ. ಹೀಗಾಗಿ ಬಣ್ಣದ ಗೊಂಬೆಗಳು ಒಂದರ ಪಕ್ಕ ಒಂದು ಬಂದರೆ ಒಬ್ಬರ ಬಣ್ಣ ಇನ್ನೊಬ್ಬರಿಗೆ ಮೆತ್ತಿಕೊಳ್ಳುವುದು ಈ ಯಂತ್ರದ ಜಾಯಮಾನ. ದೂರು ಕೊಡಬೇಡಿ.

ಪಥ್ಯ

ಕಿಟಕಿಗೆ ಗುದ್ದಿದರೆ ಒಳಗೆ ಏನಾದರೂ ಸಿಗುತ್ತದೆ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಳ್ಳುವುದು ದೈತ್ಯರಿಗೂ ಒಳ್ಳೆಯದಲ್ಲ. ಟೋಸ್ಟರಿನಿಂದ ಬ್ರೆಡ್ಡು ಮೇಲೆ ಚಿಮ್ಮಿದ ಮೇಲೆ ತಿನ್ನಿ, ಮುಂಚೆ ಬೇಡ. ಉರಿಯುವ ಬಲ್ಬನ್ನು ಬಾಯಿಗಿಟ್ಟರೆ ಶಾಕ್. ಛಾಯಾಗ್ರಾಹಕ ಕಂಡರೆ ಫ್ಲ್ಯಾಶ್ ಹೊಡೆಯುವ ಮೊದಲೇ ನುಂಗಿ. ತಡವಾದರೆ ಕಣ್ಣು ಕತ್ತಲಿಟ್ಟು ಕೆಳಗೆ ಬೀಳುವವರು ನೀವು.

ಶಕ್ತಿ ಬರಿದಾದಾಗ ದೈತ್ಯ ಮತ್ತೆ ಮನುಷ್ಯನಾಗುತ್ತಾನೆ, ಅದೂ ಬರಿಮೈಯಲ್ಲಿ. ಎರಡೂ ಕೈಯಿಂದ ಮಾನ ಮುಚ್ಚಿಕೊಂಡು ಪಕ್ಕಪಕ್ಕಕ್ಕೆ ಹೆಜ್ಜೆ ಹಾಕುತ್ತ ಪರದೆಯಿಂದಾಚೆ ಜಾರಿಕೊಳ್ಳುತ್ತಾನೆ. ಇಡೀ ಆಟದಲ್ಲಿ ನನಗೆ ಅತಿ ಇಷ್ಟವಾದ ಪಾತ್ರ ಇದೇ. ಆರ್ಕೇಡಿನಲ್ಲಿ ಪಕ್ಕದ ಆಟಗಾರನ ದೈತ್ಯ ಅವನನ್ನೂ ತಿನ್ನಬಹುದು. ಎಷ್ಟೋ ಗೆಳೆತನಗಳ ಆಳ ತಿಳಿಯುವ ಜಾಗ ಅದು.

ಹಾಜರಿ ಪುಸ್ತಕ

ಮೂಲ ಯಂತ್ರದಲ್ಲಿ ಕೆಲಸ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಶುರುವಾಗಿ, 128 ದಿನ, ದಿನಕ್ಕೊಂದು ಊರಿನಂತೆ ಸಾಗಿ, ಅದೇ ರಾಜ್ಯದ ಪ್ಲೇನೋದಲ್ಲಿ ಮುಗಿಯುತ್ತದೆ. ಆರ್ಕೇಡಿನಲ್ಲಿ ಸೋತವರು ಇನ್ನೊಂದು ನಾಣ್ಯ ಹಾಕಿದರೆ ಬೆತ್ತಲೆ ಮನುಷ್ಯ ನಿಂತಲ್ಲೇ ಮತ್ತೆ ದೈತ್ಯ. ಅಂದರೆ ಪ್ರತಿ ಗುದ್ದಿಗೂ ಬೆಲೆಯಿತ್ತು. ಗುಂಡು ತಗಲಿದಾಗ ನೋಯುತ್ತಿದ್ದುದು ಜೇಬು. ಮನೆಯಲ್ಲಿ ಆ ನಾಣ್ಯದ ಕಿಂಡಿಯೇ ಇಲ್ಲ. ಒಂದು ಸಲ ಕ್ಯಾಸೆಟ್ ಕೊಂಡರೆ ಮುಗಿಯಿತು, ಭಯವೂ ಮುಗಿಯಿತು. ಹತ್ತಿಪ್ಪತ್ತು ಊರು ನೆಲಸಮವಾಗುವಷ್ಟರಲ್ಲಿ ದೈತ್ಯ ಗುಮಾಸ್ತನಾಗಿರುತ್ತಾನೆ: ಬಂದ, ಗುದ್ದಿದ, ಸಹಿ ಹಾಕಿದ, ಹೋದ. ಇದಕ್ಕೆ ಮದ್ದು ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳುವುದು. ಸಿಪಾಯಿಯ ಗುಂಡಿಗಿಂತ ಅವರು ಬೇಕಂತಲೇ ಹೊಡೆಯುವ ಗುದ್ದಿಗೆ ನೀವು ಹೆಚ್ಚು ಎಚ್ಚರವಾಗಿರುತ್ತೀರಿ. ಆದರೆ ಕೀಬೋರ್ಡಿನ ಅಗಲ 23 ಸೆಂಟಿಮೀಟರ್ ಮಾತ್ರ, ಮೊಣಕೈ ಮಡಚಿಕೊಳ್ಳಿ.

ಆಟ ನಿಲ್ಲಿಸುವುದು

ಈ ಕಂಪ್ಯೂಟರಿಗೆ ಸ್ವಿಚ್ ಇಲ್ಲ. ಪ್ಲಗ್ ಕಿತ್ತರೆ ಆಯಿತು. ಅದರ ಜೊತೆಗೆ ಊರೂ, ಅಂಕಗಳೂ, ನೀವು ಲೋಡ್ ಮಾಡಲು ಪಟ್ಟ ಪಾಡೂ ಹೋಗುತ್ತವೆ. ನಾಳೆ ಆಡುವ ಯೋಚನೆಯಿದ್ದರೆ ಟೇಪನ್ನು ಇವತ್ತೇ ಮೊದಲಿಗೆ ಸುತ್ತಿಡಿ.