‘ಬೀಗ ಕೆಟ್ಟಿಲ್ಲ ಕನಣ್ಣ, ಬೀಗದ ಕೈ ಎಲ್ಲಿ?’

ಮಂಡ್ಯದಲ್ಲಿ ಪ್ರಧಾನ ಕಚೇರಿ, ಮದ್ದೂರು ಮಳವಳ್ಳಿಗಳಲ್ಲಿ ಶಾಖೆ ಇರುವ ಒಂದು ಸಹಕಾರ ಸಂಘ. ಹೆಸರು ಬೇಡ, ಸಂಘವೇ ಕಾಲ್ಪನಿಕ. ಹೊಸ ಸರ್ವರ್ ಕೂರಿಸಿದ ದಿನದಿಂದ ಅಲ್ಲಿನ ಡೇಟಾಬೇಸ್ ಬಾಯಿ ಬಿಡುತ್ತಿಲ್ಲವೆಂದು ಕೇಳಿ ಪತ್ರಿಕೆಯ ಪ್ರತಿನಿಧಿ ಹೊರಟರು. ಅಧ್ಯಕ್ಷರು ಮೀಟಿಂಗಿನಲ್ಲಿದ್ದರು, ಕಾರ್ಯದರ್ಶಿ ರಜೆಯಲ್ಲಿದ್ದರು. ಮಾತಿಗೆ ಸಿಕ್ಕಿದ್ದು ಡೇಟಾಬೇಸ್ ಒಂದೇ.

“ಇದೇನು, ಮುಷ್ಕರವೇ?”

“ಮುಷ್ಕರ ಎಂತದ್ದು ಬುಡಣ್ಣ. ಕಳ್ರು ಎತ್ಕೊಂಡೋದ್ರೂ ಓದೋಕಾಗ್ಬಾರ್ದು ಅಂತ ಎನ್‌ಕ್ರಿಪ್ಟ್ ಮಾಡ್ಸಿದ್ದು ಇವ್ರೇ. ಈಗ ಇವ್ರಿಗೂ ಓದೋಕಾಯ್ತಿಲ್ಲ. ನಾನು ಮನುಷ್ಯರ ಮುಖ ನೋಡಿ ಕೆಲ್ಸ ಮಾಡೋನಲ್ಲ, ನೋಡು.”

ವಿಷಯ ಇಷ್ಟೇ. ಸಂಘ ಬಳಸುವ ಎಸ್‌ಕ್ಯುಎಲ್ ಸರ್ವರ್ ಎಂಬ ತಂತ್ರಾಂಶದಲ್ಲಿ 2008ರ ಆವೃತ್ತಿಯಿಂದ ಇಡೀ ಡೇಟಾಬೇಸಿಗೆ ಬೀಗ ಹಾಕುವ ಸೌಲಭ್ಯವಿದೆ. ದತ್ತಾಂಶಕ್ಕೆ ಬೀಗ ಹಾಕಿದ ಕೀಲಿ ಡೇಟಾಬೇಸ್ ಒಳಗೇ ಇರುತ್ತದೆ, ಆದರೆ ಆ ಕೀಲಿಗೂ ಒಂದು ಬೀಗ ಉಂಟು. ಅದನ್ನು ತೆಗೆಯುವ ಸರ್ಟಿಫಿಕೇಟ್ ಇರುವುದು ಸರ್ವರ್‌ನ ‘ಮಾಸ್ಟರ್’ ಡೇಟಾಬೇಸಿನಲ್ಲಿ. ಸಂಘದವರು ತಮ್ಮ ಡೇಟಾಬೇಸೊಂದನ್ನೇ ಬ್ಯಾಕಪ್ ಮಾಡಿ ಹೊತ್ತು ತಂದರು, ಸರ್ಟಿಫಿಕೇಟ್ ಹಳೆಯ ಪೆಟ್ಟಿಗೆಯಲ್ಲೇ ಉಳಿಯಿತು. ಹೊಸ ಸರ್ವರ್ 33111 ಎಂಬ ದೋಷಸಂಖ್ಯೆ ತೋರಿಸಿ ಕೈಚೆಲ್ಲಿತು.

“ಮೊದಲೇ ಎಚ್ಚರಿಸಬಾರದಿತ್ತೇ?”

“ಎಚ್ಚರಿಸ್ದೆ ಇದ್ನಾ? ಬೀಗ ಹಾಕಿದ್ ದಿನನೇ, ‘ಸರ್ಟಿಫಿಕೇಟು ಬ್ಯಾಕಪ್ ಆಗಿಲ್ಲ, ಈಗ್ಲೇ ಮಾಡ್ಕೊಳಿ’ ಅಂತ ಪರದೆ ಮೇಲೆ ಬಂತು. ನೋಡ್ದವ್ನು ಓಕೆ ಒತ್ತಿ ಕಾಫಿಗೆ ಓದ.”

ಆಮೇಲೆ ನಡೆದದ್ದನ್ನು ಅದು ಸ್ವಾರಸ್ಯವಾಗಿಯೇ ಹೇಳಿತು. ಒಬ್ಬ ನಿರ್ದೇಶಕರು ಮೈಸೂರಿನಿಂದ ಒಬ್ಬ ಚಾಲಾಕಿ ಹುಡುಗನನ್ನು ಕರೆಸಿ “ಒಡೆದು ಹಾಕು” ಎಂದರಂತೆ. 256 ಬಿಟ್ಟಿನ ಕೀಲಿ ಅದು. ಸಾಧ್ಯತೆಗಳ ಲೆಕ್ಕ ಬರೆದರೆ 78 ಅಂಕಿಯ ಸಂಖ್ಯೆ. ಹುಡುಗ ಲೆಕ್ಕ ಹೇಳಿ ಬಸ್ ಹತ್ತಿದ. ಆಡಳಿತ ಮಂಡಳಿ ಮದ್ದೂರು ವಡೆ ತರಿಸಿ ಸಭೆ ಸೇರಿ, ‘ಡೇಟಾಬೇಸ್ ಕೂಡಲೇ ತೆರೆಯತಕ್ಕದ್ದು’ ಎಂದು ಠರಾವು ಮಾಡಿ ಮೊಹರು ಒತ್ತಿತು.

“ನಂಗೆ ಮೊಹರು ಕಾಣಾಕಿಲ್ಲ ಕನಣ್ಣ.”

ಕಾಗದದ ಕಾಲದವರಿಗೆ ಕೀಲಿ ಕಾಯುವ ಬುದ್ಧಿ ಇತ್ತು. ಖಜಾನೆಯ ಭದ್ರಕೊಠಡಿಗೆ ಎರಡು ಬೀಗ, ಕೈಗಳು ಇಬ್ಬರು ಅಧಿಕಾರಿಗಳ ಬಳಿ, ನಕಲು ಕೈಗಳು ಬೇರೆ ಕಡೆ. ಕೀಲಿಯೇ ಒಂದು ಫೈಲಾದ ಮೇಲೆ ಅದರ ಕಾವಲು ಯಾರ ಕರ್ತವ್ಯವೂ ಅಲ್ಲದಂತಾಯಿತು. ಈ ಕಚೇರಿಯಲ್ಲಿ ಮಿಕ್ಕೆಲ್ಲ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಮೇಲಿದೆ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೇರಿಸಿದ ‘ಭೂಮಿ’ ಯೋಜನೆ ಪಾಸ್‌ವರ್ಡ್ ಒಂದನ್ನೇ ನಂಬದೆ ನೌಕರರ ಬೆರಳ ಗುರುತನ್ನೇ ಕೇಳಿದ್ದು ಸುಮ್ಮನೆ ಅಲ್ಲ.

ಕೀಲಿ ಕಳೆದ ಮಾತಿಗೆ ಪ್ರತಿನಿಧಿ ಕೆನಡಾದ ಕ್ವಾಡ್ರಿಗಾ ಎಂಬ ಬಿಟ್‌ಕಾಯಿನ್ ವಿನಿಮಯ ಸಂಸ್ಥೆಯ ಕಥೆ ತೆಗೆದರು. ಅದರ ಮಾಲೀಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ಜೈಪುರದಲ್ಲಿ ತೀರಿಕೊಂಡಾಗ, ಗ್ರಾಹಕರ ಬಿಟ್‌ಕಾಯಿನ್ ಖಾತೆಗಳ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತು ಎನ್ನಲಾಯಿತು. ತನಿಖೆಯಾದಾಗ ಆ ಖಾತೆಗಳು ಅವನು ಸಾಯುವ ಮೊದಲೇ ಖಾಲಿಯಾಗಿದ್ದವು.

ಡೇಟಾಬೇಸ್ ದನಿ ತಗ್ಗಿಸಿತು. “ಇಲ್ಲೂ ಒಂದಿಬ್ರು ನಾನು ತೆರೀದೆ ಇರ್ಲಿ ಅಂತ ಅರಕೆ ಒತ್ತವ್ರೆ. ಸಾಲ ಬಾಕಿದಾರರ ಪಟ್ಟಿ ನನ್ನ ಒಟ್ಟೇಲಿ ಅದೆ. ಯಾರು ಅಂತ ಮಾತ್ರ ಕೇಳ್ಬ್ಯಾಡ, ನಾನು ಎನ್‌ಕ್ರಿಪ್ಟೆಡ್ಡು.”

ಕೊನೆಗೆ ಕಾಪಾಡಿದ್ದು ತಂತ್ರಜ್ಞಾನವಲ್ಲ, ಸೋಮಾರಿತನ. ಹಳೆಯ ಸರ್ವರನ್ನು ಗುಜರಿಗೆ ಹರಾಜು ಹಾಕುವ ಕಡತ ಮಳವಳ್ಳಿ ಶಾಖೆಯಲ್ಲಿ ಸಹಿಯಿಲ್ಲದೆ ಬಿದ್ದಿತ್ತು, ಅದರ ಪಕ್ಕದಲ್ಲೇ ಸರ್ವರೂ. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ತಾಲೂಕಿನಲ್ಲಿ ಅದನ್ನು ಚಾಲೂ ಮಾಡಲು ಹೋದ ದಿನ ಮಧ್ಯಾಹ್ನದವರೆಗೂ ಕರೆಂಟಿರಲಿಲ್ಲ. ಬಂದ ಮೇಲೆ ಪೆಟ್ಟಿಗೆ ಗರ್ ಎಂದು ಎದ್ದಿತು. ಸರ್ಟಿಫಿಕೇಟನ್ನೂ ಅದರ ಖಾಸಗಿ ಕೀಲಿಯನ್ನೂ ಎರಡು ಫೈಲಾಗಿ ತೆಗೆದು ಹೊಸ ಸರ್ವರ್‌ಗೆ ಏರಿಸಿದರು. ಬ್ಯಾಕಪ್ ಸಲೀಸಾಗಿ ತೆರೆಯಿತು.

“ಈ ಸಲ ಕೀಲಿಯನ್ನು ಜೋಪಾನವಾಗಿ ಇಟ್ಟರಷ್ಟೆ?”

“ಓ, ಇಟ್ಟವ್ರೆ. ಠರಾವು ಮಾಡಿ, ಫೋಲ್ಡರ್‌ಗೆ ‘ಅತಿ ಮುಖ್ಯ’ ಅಂತ ಎಸ್ರೂ ಕೊಟ್ಟು ಇಟ್ಟವ್ರೆ.”

“ಎಲ್ಲಿ?”

“ಇದೇ ಸರ್ವರ್‌ನಾಗೆ.”